ಶ್ರವಣ ನಳಿಕೆಯ ಲೇಖಕಿ: ಹ್ಯಾರಿಯೆಟ್ ಮಾರ್ಟಿನೋ

ಮನುಷ್ಯನ ಪಂಚೇಂದ್ರಿಯಗಳಲ್ಲಿ ಕಣ್ಣು ಮತ್ತು ಕಿವಿ ಜ್ಞಾನದ ಎರಡು ಹೆಬ್ಬಾಗಿಲುಗಳು. ಕಣ್ಣಿಗೆ ರೆಪ್ಪೆಯುಂಟು, ಬೇಡವಾದಾಗ ಮುಚ್ಚಿಕೊಳ್ಳಬಹುದು. ಕಿವಿಗೆ ಅಂಥ ಬಾಗಿಲಿಲ್ಲ. ಆದುದರಿಂದಲೇ ನಾವು ಕೇಳುವುದನ್ನು ಒಂದು ಭಾಗ್ಯವೆಂದು ಎಣಿಸುವುದಿಲ್ಲ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಮುಂಜಾನೆ ನಡೆದುಹೋಗುವವನ ಕಿವಿಗೆ ಬಸ್ಸು ಲಾರಿಗಳ ಸದ್ದು, ತರಕಾರಿ ಮಾರುವವರ ಕೂಗು, ಶಾಲೆಯ ಗಂಟೆ, ಗೆಳೆಯನ ಕರೆ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತವೆ. ಅವನು ಅವುಗಳಲ್ಲಿ ಬೇಕಾದುದನ್ನು ಆಯ್ದುಕೊಂಡು ಉಳಿದುದನ್ನು ಮರೆತುಬಿಡುತ್ತಾನೆ. ಆ ಸದ್ದುಗಳು ಒಂದೊಂದಾಗಿ ಮಾಯವಾಗತೊಡಗಿದಾಗ ಮಾತ್ರ ಅವುಗಳ ಬೆಲೆ ತಿಳಿಯುತ್ತದೆ.

ಅದೇ ನಗರದ ಗೋಲಗುಮ್ಮಟವನ್ನು ನೋಡದ ವಿದ್ಯಾರ್ಥಿಗಳು ವಿರಳ. ಹದಿನೇಳನೆಯ ಶತಮಾನದ ಆದಿಲ್‌ಶಾಹಿ ಅರಸ ಮಹಮ್ಮದ್ ಆದಿಲ್ ಶಾಹನ ಸಮಾಧಿಯಾದ ಆ ಕಟ್ಟಡದ ಗುಮ್ಮಟದೊಳಗೆ, ಸುತ್ತಲೂ ಒಂದು ಮೊಗಸಾಲೆಯಿದೆ. ಅದರ ಒಂದು ಬದಿಯಲ್ಲಿ ಗೋಡೆಗೆ ಮುಖವಿಟ್ಟು ಪಿಸುಗುಟ್ಟಿದ ಮಾತು ಎದುರು ಬದಿಯಲ್ಲಿ ಕುಳಿತವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಬಾಗಿದ ಗೋಡೆಯು ಧ್ವನಿಯನ್ನು ಚದುರಿಹೋಗಗೊಡದೆ ತನ್ನುದ್ದಕ್ಕೂ ಸಾಗಿಸುವುದೇ ಇದಕ್ಕೆ ಕಾರಣ. ಧ್ವನಿಯನ್ನು ಚದುರಗೊಡದೆ ಕಿವಿಯವರೆಗೆ ಒಯ್ಯುವ ಚಿಕ್ಕ ಸಾಧನವೊಂದು ಅದೇ ಶತಮಾನದಲ್ಲಿ ಯೂರೋಪಿನಲ್ಲಿಯೂ ಬಳಕೆಗೆ ಬಂದಿತ್ತು. ಅದು ಕಹಳೆಯ ಆಕಾರದ ನಳಿಕೆ. ಅದರ ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದು. ಕಿರಿದಾದ ತುದಿಯನ್ನು ಕಿವಿಗೆ ಇಟ್ಟುಕೊಂಡರೆ, ಅಗಲವಾದ ಬಾಯಿಯ ಬಳಿ ಆಡಿದ ಮಾತು ಒಟ್ಟುಗೂಡಿ ಒಳಗೆ ಸಾಗಿ, ಸ್ವಲ್ಪ ಗಟ್ಟಿಯಾಗಿ ಕೇಳುತ್ತಿತ್ತು. ವಿದ್ಯುತ್ತಿನ ಶ್ರವಣಯಂತ್ರಗಳು ಹುಟ್ಟುವ ಮೊದಲು ಕಿವಿ ಮಂದವಾದವರಿಗೆ ಈ ನಳಿಕೆಯೇ ಆಸರೆಯಾಗಿತ್ತು. ಅದನ್ನು ಹಿಡಿದುಕೊಂಡೇ ಎರಡು ಖಂಡಗಳ ಜನರೊಡನೆ ಮಾತನಾಡಿ, ತನ್ನ ಕಾಲದ ಓದುಗರ ವಿಚಾರಗಳನ್ನು ತಿದ್ದಿದ ಲೇಖಕಿ ಹ್ಯಾರಿಯೆಟ್ ಮಾರ್ಟಿನೋ.

ಹ್ಯಾರಿಯೆಟ್ 1802ರ ಜೂನ್ 12ರಂದು ಇಂಗ್ಲೆಂಡಿನ ನಾರ್ವಿಚ್ ಪಟ್ಟಣದಲ್ಲಿ ಜನಿಸಿದಳು. ನಮ್ಮಲ್ಲಿ ಸೊಲ್ಲಾಪುರ, ಇಳಕಲ್ಲುಗಳು ಹೇಗೋ ಹಾಗೆ ಆ ಪಟ್ಟಣವು ನೇಯ್ಗೆಗೆ ಹೆಸರಾಗಿತ್ತು. ತಂದೆ ಥಾಮಸ್ ಮಾರ್ಟಿನೋ ಬಟ್ಟೆ ತಯಾರಿಸಿ ಮಾರುವ ಉದ್ಯಮಿ. ಆತನ ಪೂರ್ವಜರು ಧರ್ಮದ ಕಾರಣದಿಂದ ಕಿರುಕುಳಕ್ಕೆ ಒಳಗಾಗಿ ಫ್ರಾನ್ಸ್ ದೇಶವನ್ನು ತೊರೆದು ಬಂದು ಇಂಗ್ಲೆಂಡಿನಲ್ಲಿ ನೆಲೆಸಿದವರು. ತಾಯಿ ಎಲಿಜಬೆತ್ ಶಿಸ್ತಿನ ಗೃಹಿಣಿ. ಎಂಟು ಮಂದಿ ಮಕ್ಕಳಲ್ಲಿ ಹ್ಯಾರಿಯೆಟ್ ಆರನೆಯವಳು. ಗಂಡುಮಕ್ಕಳಂತೆ ಹೆಣ್ಣುಮಕ್ಕಳೂ ಓದಬೇಕೆಂಬ ನಂಬಿಕೆ ಆ ಮನೆಯಲ್ಲಿತ್ತು. ಅಕ್ಕಂದಿರು ಅಣ್ಣಂದಿರಿಂದ ಆಕೆ ಮನೆಯಲ್ಲಿಯೇ ಪಾಠ ಕಲಿತಳು. ಎರಡು ವರ್ಷ ಪಟ್ಟಣದ ಶಾಲೆಯೊಂದಕ್ಕೂ ಹೋದಳು. ಬಾಲ್ಯದಲ್ಲಿಯೇ ಸಂಗೀತವನ್ನೂ ಅಭ್ಯಾಸಮಾಡಿದಳು.

ಹುಟ್ಟಿನಿಂದಲೇ ಹ್ಯಾರಿಯೆಟ್ ಸುಖವಾದ ದೇಹಪ್ರಕೃತಿಯವಳಲ್ಲ. ಆಕೆಗೆ ವಾಸನೆ ತಿಳಿಯುತ್ತಿರಲಿಲ್ಲ. ಅದರಿಂದಾಗಿ ಊಟದ ರುಚಿಯೂ ಹೆಚ್ಚುಕಡಿಮೆ ಇರಲಿಲ್ಲ. ಸಣ್ಣ ಮಾತಿಗೂ ಬೆದರುವ, ಒಂಟಿಯಾಗಿ ಅಳುವ ಸ್ವಭಾವ. ಇಂಥ ಮಗುವಿಗೆ ಪುಸ್ತಕ, ಸಂಗೀತ ಮತ್ತು ತನಗಿಂತ ಮೂರು ವರ್ಷ ಕಿರಿಯವನಾದ ತಮ್ಮ ಜೇಮ್ಸನ ಒಡನಾಟ ಇವು ಮೂರೇ ಸಂತೋಷದ ನೆಲೆಗಳಾಗಿದ್ದವು. ಆಗಲೇ ವಿಧಿಯು ಇನ್ನೊಂದು ಬಾಗಿಲನ್ನು ಮುಚ್ಚತೊಡಗಿತು. ಹನ್ನೆರಡರ ಸುಮಾರಿಗೆ ಶಾಲೆಯಲ್ಲಿ ಉಪಾಧ್ಯಾಯರ ಮಾತು ಆಕೆಗೆ ಸ್ಪಷ್ಟವಾಗಿ ಕೇಳದಾಯಿತು. ಹದಿನಾರರ ಹೊತ್ತಿಗೆ ಕಿವಿ ಮಂದವಾದುದು ಎಲ್ಲರಿಗೂ ತಿಳಿಯುವಂತಾಯಿತು. ಇಪ್ಪತ್ತರ ವೇಳೆಗೆ ಹತ್ತಿರ ನಿಂತು ಮಾತನಾಡಿದರೂ ಪದಗಳು ಅಸ್ಪಷ್ಟವಾದವು.

ಕಿವುಡುತನವು ಕುಂಟುತನದಂತೆ ನೋಡುವವರ ಕಣ್ಣಿಗೆ ಬೀಳುವ ಕೊರತೆಯಲ್ಲ. ಅದು ಮೆಲ್ಲನೆ ಬರುತ್ತದೆ. ಬಂದವರಿಗೇ ಮೊದಮೊದಲು ತಿಳಿಯುವುದಿಲ್ಲ. ಮಾತು ಕೇಳದವನನ್ನು ಸುತ್ತಲಿನವರು ಲಕ್ಷ್ಯವಿಲ್ಲದವನೆಂದು ಬೈಯುತ್ತಾರೆ. ಮರುಪ್ರಶ್ನೆ ಕೇಳಿದರೆ ದಡ್ಡನೆಂದು ನಗುತ್ತಾರೆ. ಹ್ಯಾರಿಯೆಟ್‌ಳಿಗೂ ಇದೇ ಅನುಭವವಾಯಿತು. ಮನಸ್ಸಿಟ್ಟು ಆಲಿಸಿದರೆ ಎಲ್ಲವೂ ಕೇಳಿಸುತ್ತದೆಂದು ಮನೆಯವರು ಮೊದಲು ನಂಬಿದ್ದರು. ನಾಲ್ಕು ಜನ ಸೇರಿದಲ್ಲಿ ಆಕೆ ಎಲ್ಲರ ತುಟಿಗಳನ್ನೂ ನೋಡುತ್ತ, ನಕ್ಕಾಗ ತಾನೂ ನಕ್ಕು, ಕೇಳದಿದ್ದರೂ ಕೇಳಿದಂತೆ ತಲೆದೂಗಿ ದಿನ ಕಳೆಯುತ್ತಿದ್ದಳು. ಇಂಥ ನಟನೆ ದೇಹವನ್ನೂ ಮನಸ್ಸನ್ನೂ ಬಹುವಾಗಿ ದಣಿಸುತ್ತದೆ. ಸಂಜೆಯ ಕೂಟವೆಂದರೆ ಆಕೆಗೆ ಭಯವಾಗುತ್ತಿತ್ತು. ಸಂಗೀತದ ಸ್ವರಗಳೂ ಒಂದೊಂದಾಗಿ ದೂರ ಸರಿದವು.

ಆ ಕಾಲದಲ್ಲಿ ಶ್ರವಣ ನಳಿಕೆಗಳು ದೊರೆಯದಿರಲಿಲ್ಲ. ಜರ್ಮನಿಯ ಮಹಾಸಂಗೀತಗಾರ ಬೀಥೋವನ್ನನಿಗೆ ಯಂತ್ರಕುಶಲಿಯಾದ ಮೇಲ್ಟ್ಸೆಲ್ ಎಂಬಾತನು ಇಂಥ ನಳಿಕೆಗಳನ್ನು ಮಾಡಿಕೊಟ್ಟದ್ದು ಹ್ಯಾರಿಯೆಟ್ ಬಾಲಕಿಯಾಗಿದ್ದಾಗಲೇ. ಆದರೆ ಅದನ್ನು ಕಿವಿಗೆ ಹಿಡಿದು ಜನರ ನಡುವೆ ಕುಳಿತುಕೊಳ್ಳಲು ಎದೆಗಾರಿಕೆ ಬೇಕಾಗಿತ್ತು. ಅದು ಮುಪ್ಪಿನ ಗುರುತು, ನಗೆಗೀಡಿನ ವಸ್ತು ಎಂಬ ಭಾವನೆ ಸಮಾಜದಲ್ಲಿತ್ತು. ಮದುವೆಯ ವಯಸ್ಸಿನ ಹೆಣ್ಣುಮಗಳು ಅದನ್ನು ಹಿಡಿಯುವುದೆಂದರೆ ತನ್ನ ಊನವನ್ನು ತಾನೇ ಸಾರಿ ಹೇಳಿದಂತೆ. ಹೀಗಾಗಿ ಹ್ಯಾರಿಯೆಟ್ ಹಲವು ವರ್ಷಗಳವರೆಗೆ ನಳಿಕೆಯ ಸಹಾಯವಿಲ್ಲದೆಯೇ ದಿನ ಸಾಗಿಸಿದಳು. ಆ ವರ್ಷಗಳಲ್ಲಿ ಕೇಳಬಹುದಾಗಿದ್ದ ಎಷ್ಟೋ ಮಾತುಗಳು ಮತ್ತೆ ಕೇಳಸಿಗದಂತೆ ಕಳೆದುಹೋದವು.

ಕಿವಿಯ ದಾರಿ ಕಿರಿದಾದಷ್ಟೂ ಲೇಖನಿಯ ದಾರಿ ಅಗಲವಾಯಿತು. ತಮ್ಮ ಜೇಮ್ಸ್ ಕಾಲೇಜಿಗೆ ಹೋದಾಗ ಅಗಲಿಕೆಯ ದುಃಖವನ್ನು ಮರೆಯಲು ಬರೆಯಬೇಕೆಂದು ಅವನೇ ಆಕೆಗೆ ಸೂಚಿಸಿದ್ದನು. ಆಕೆ ಹೆಸರು ಮರೆಸಿ ಒಂದು ಲೇಖನವನ್ನು ಮಾಸಪತ್ರಿಕೆಯೊಂದಕ್ಕೆ ಕಳುಹಿಸಿದಳು. ಅದು 1822ರಲ್ಲಿ ಅಚ್ಚಾಯಿತು. ಹಿರಿಯ ಅಣ್ಣನು, ಬರೆದವಳು ತನ್ನ ತಂಗಿಯೆಂಬುದನ್ನು ಅರಿಯದೆಯೇ, ಅದನ್ನು ಗಟ್ಟಿಯಾಗಿ ಓದಿ ಮೆಚ್ಚಿಕೊಂಡನು. ನಿಜ ಸಂಗತಿ ತಿಳಿದ ಮೇಲೆ, ಹೊಲಿಗೆ ಕೆಲಸವನ್ನು ಉಳಿದ ಹೆಂಗಸರಿಗೆ ಬಿಟ್ಟು ಆಕೆ ಬರವಣಿಗೆಗೆ ತನ್ನನ್ನು ಮುಡಿಪಾಗಿಡಬೇಕೆಂದು ಹೇಳಿ ಹರಸಿದನು. ಹ್ಯಾರಿಯೆಟ್ ಲೇಖಕಿಯಾಗಬೇಕೆಂದು ನಿಶ್ಚಯಿಸಿದ್ದು ಅಂದೇ.

ಆದರೆ ಮುಂದಿನ ಕೆಲವು ವರ್ಷಗಳು ಪೆಟ್ಟಿನ ಮೇಲೆ ಪೆಟ್ಟು ತಂದವು. 1824ರಲ್ಲಿ ಆ ಪ್ರೀತಿಯ ಅಣ್ಣನು ತೀರಿಕೊಂಡನು. 1826ರಲ್ಲಿ ವ್ಯಾಪಾರದ ನಷ್ಟದಿಂದ ಕುಗ್ಗಿದ್ದ ತಂದೆಯೂ ಮರಣ ಹೊಂದಿದನು. ವಿವಾಹ ನಿಶ್ಚಯವಾಗಿದ್ದ ತರುಣನು ಬುದ್ಧಿಭ್ರಮಣೆಗೆ ಒಳಗಾಗಿ ಕೆಲಕಾಲದಲ್ಲಿಯೇ ಅಸುನೀಗಿದನು. 1829ರಲ್ಲಿ ಮನೆತನದ ಉಳಿದ ಹಣವನ್ನು ಹೂಡಿದ್ದ ವ್ಯಾಪಾರವೂ ಮುಳುಗಿತು. ಆ ಕಾಲದ ಮಧ್ಯಮ ವರ್ಗದ ಹೆಣ್ಣುಮಗಳಿಗೆ ಮರ್ಯಾದೆಯಿಂದ ದುಡಿಯಲು ಇದ್ದ ದಾರಿ ಒಂದೇ: ಶ್ರೀಮಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವುದು. ಅಕ್ಕತಂಗಿಯರು ಆ ದಾರಿ ಹಿಡಿಯಬಹುದಾಗಿತ್ತು. ಮಕ್ಕಳು ಒಪ್ಪಿಸುವ ಪಾಠ ಕೇಳಿಸದ ಹ್ಯಾರಿಯೆಟ್‌ಳಿಗೆ ಅದೂ ಮುಚ್ಚಿಹೋಗಿತ್ತು. ಆಕೆ ಹಗಲು ಕಸೂತಿ ಹಾಕಿದಳು, ರಾತ್ರಿ ದೀಪದ ಮುಂದೆ ಬರೆದಳು. ಕಷ್ಟದ ಆ ದಿನಗಳನ್ನೇ ಆಕೆ ಮುಂದೆ ಬಿಡುಗಡೆಯ ದಿನಗಳೆಂದು ನೆನೆದುದು ಗಮನಾರ್ಹ. ಬಡತನ ಬಾರದೆ ಇದ್ದಿದ್ದರೆ ತಾನು ಗುಟ್ಟಾಗಿ ಬರೆದು, ಹೊಲಿದು, ಸಣ್ಣದಾಗಿ ಬಾಳಿ ಮುಗಿಸುತ್ತಿದ್ದೆನೆಂದು ಆಕೆ ಅರಿತಿದ್ದಳು.

ಮೂವತ್ತರ ಹೊಸ್ತಿಲಿಗೆ ಬರುವ ವೇಳೆಗೆ ಹ್ಯಾರಿಯೆಟ್ ನಳಿಕೆಯನ್ನು ಕೈಗೆತ್ತಿಕೊಂಡಳು. ದುಡಿದು ಬಾಳಬೇಕಾದವಳಿಗೆ ಜನರೊಡನೆ ವ್ಯವಹಾರ ಅನಿವಾರ್ಯ. ವ್ಯವಹಾರಕ್ಕೆ ಮಾತು ಅನಿವಾರ್ಯ. ಇಷ್ಟು ಕಾಲ ತಾನು ಬಚ್ಚಿಟ್ಟಿದ್ದು ಕಿವುಡುತನವನ್ನಲ್ಲ, ತನ್ನನ್ನೇ ಎಂಬುದು ಆಕೆಗೆ ಮನದಟ್ಟಾಯಿತು. ಕೊರತೆ ಎಲ್ಲರಿಗೂ ಮೊದಲೇ ತಿಳಿದಿತ್ತು. ಮರೆಮಾಚಿದ್ದರಿಂದ ಜನರು ಆಕೆಯೊಡನೆ ಮಾತನಾಡುವ ಬಗೆಯನ್ನು ಕಾಣದೆ ದೂರ ಉಳಿದಿದ್ದರು. ನಳಿಕೆಯು ಆ ಬಗೆಯನ್ನು ತೋರಿಸಿಕೊಟ್ಟಿತು. ಆಕೆ ಅದನ್ನು ಮುಂದೆ ಚಾಚಿದರೆ ಸಾಕು, ಎದುರಿನವನಿಗೆ ತಾನೇನು ಮಾಡಬೇಕೆಂಬುದು ತಾನಾಗಿ ಅರ್ಥವಾಗುತ್ತಿತ್ತು.

ಅರ್ಥಶಾಸ್ತ್ರದ ತತ್ತ್ವಗಳನ್ನು ಸಾಮಾನ್ಯ ಜನರಿಗೆ ಕಥೆಗಳ ಮೂಲಕ ತಿಳಿಸಬೇಕೆಂಬುದು ಹ್ಯಾರಿಯೆಟ್‌ಳ ಯೋಜನೆ. 1831ರ ಚಳಿಗಾಲದಲ್ಲಿ ಆಕೆ ಲಂಡನ್ನಿನ ಮಂಜು ಕವಿದ ಬೀದಿಗಳಲ್ಲಿ ಪ್ರಕಾಶಕರ ಬಾಗಿಲಿನಿಂದ ಬಾಗಿಲಿಗೆ ಅಲೆದಳು. ದೇಶದಲ್ಲಿ ಕಾಲರಾ ಭೀತಿ ಹರಡಿದೆ, ಪಾರ್ಲಿಮೆಂಟಿನ ಸುಧಾರಣೆಯ ಗದ್ದಲ ನಡೆದಿದೆ, ಇಂಥ ಹೊತ್ತಿನಲ್ಲಿ ಈ ಪುಸ್ತಕಗಳನ್ನು ಓದುವವರಾರೆಂದು ಎಲ್ಲರೂ ಹಿಂದೆಗೆದರು. ಕೊನೆಗೆ ಚಾರ್ಲ್ಸ್ ಫಾಕ್ಸ್ ಎಂಬ ಪ್ರಕಾಶಕನು, ಮೊದಲೇ ಐದು ನೂರು ಮಂದಿ ಚಂದಾದಾರರನ್ನು ಒದಗಿಸಬೇಕೆಂಬ ಕಠಿಣ ಷರತ್ತಿನ ಮೇಲೆ ಒಪ್ಪಿಕೊಂಡನು. 1832ರ ಫೆಬ್ರವರಿಯಲ್ಲಿ ಮೊದಲ ಭಾಗ ಹೊರಬಂದಿತು. ಅಚ್ಚುಹಾಕಿದ್ದ 1500 ಪ್ರತಿಗಳು ಕೆಲವೇ ದಿನಗಳಲ್ಲಿ ಮುಗಿದುಹೋದವು. ಫಾಕ್ಸನು ಇನ್ನೂ 5000 ಪ್ರತಿಗಳನ್ನು ಅಚ್ಚುಹಾಕಲು ಸಿದ್ಧನಾದನು. 1834ರವರೆಗೆ ತಿಂಗಳಿಗೊಂದರಂತೆ 25 ಭಾಗಗಳು ಬಂದವು. ಅವುಗಳಲ್ಲೊಂದು ಸಿಂಹಳದ್ವೀಪದ ದಾಲ್ಚಿನ್ನಿ ಮತ್ತು ಮುತ್ತಿನ ವ್ಯಾಪಾರದ ಅನ್ಯಾಯವನ್ನು ಕುರಿತದ್ದು. ಹಳ್ಳಿಯ ಓದುಗರಿಂದ ಹಿಡಿದು, ಮುಂದೆ ರಾಣಿಯಾಗಲಿದ್ದ ವಿಕ್ಟೋರಿಯಾಳವರೆಗೆ ಎಲ್ಲರೂ ಆ ಕಥೆಗಳನ್ನು ಓದಿದರು.

ಕೀರ್ತಿ ಬಂದೊಡನೆ ಹ್ಯಾರಿಯೆಟ್ ಲಂಡನ್ನಿಗೆ ಬಂದು ನೆಲೆಸಿದಳು. ಮಂತ್ರಿಗಳು, ಪಾರ್ಲಿಮೆಂಟಿನ ಸದಸ್ಯರು, ವಿಜ್ಞಾನಿಗಳು, ಸಾಹಿತಿಗಳು ಆಕೆಯನ್ನು ಕಾಣಲು ಬಂದರು. ಎಲ್ಲರೂ ಆಕೆಯ ನಳಿಕೆಯ ಬಾಯಿಗೆ ಬಗ್ಗಿ ಮಾತನಾಡಿದರು. ಇತಿಹಾಸಕಾರ ಕಾರ್ಲೈಲ್, ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ ಮುಂತಾದವರ ಪರಿಚಯ ಆಕೆಗಾಯಿತು. ಈ ನಳಿಕೆ ಇಂದಿನ ಯಂತ್ರಗಳಂತೆ ಧ್ವನಿಗೆ ಶಕ್ತಿ ತುಂಬುತ್ತಿರಲಿಲ್ಲ. ಹರಡಿಹೋಗುವ ಧ್ವನಿಯನ್ನು ಒಟ್ಟುಗೂಡಿಸುತ್ತಿತ್ತು, ಅಷ್ಟೆ. ಒಂದು ಸಲಕ್ಕೆ ಒಬ್ಬರ ಮಾತು ಮಾತ್ರ ಅದರೊಳಗೆ ಬರುತ್ತಿತ್ತು. ಊಟದ ಮೇಜಿನ ಸುತ್ತ ಹತ್ತು ಜನರು ಹರಟುವಾಗ ಅದು ನಿರುಪಯೋಗಿ. ಈ ಮಿತಿಯನ್ನು ಆಕೆ ಚೆನ್ನಾಗಿ ಅರಿತಿದ್ದಳು.

ತನ್ನ ಅನುಭವವು ಇತರರಿಗೂ ಪ್ರಯೋಜನವಾಗಲೆಂದು 1834ರಲ್ಲಿ ಆಕೆ ಕಿವುಡರನ್ನೇ ಉದ್ದೇಶಿಸಿ ಒಂದು ದೀರ್ಘ ಪತ್ರವನ್ನು ಎಡಿನ್‌ಬರೋದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದಳು. ಅದರಲ್ಲಿ ಅನುಕಂಪದ ಕಣ್ಣೀರಿಲ್ಲ, ಹಿತವಾದ ನಿಷ್ಠುರತೆಯಿದೆ. ಕಿವುಡುತನವನ್ನು ಮೊದಲು ತನ್ನಲ್ಲಿ ತಾನು ಒಪ್ಪಿಕೊಳ್ಳಬೇಕು, ಅನಂತರ ಮನೆಯವರಿಗೆ, ಆಮೇಲೆ ಲೋಕಕ್ಕೆ ನಾಚಿಕೆಯಿಲ್ಲದೆ ತಿಳಿಸಬೇಕು ಎಂಬುದು ಆಕೆಯ ಮೊದಲ ಬುದ್ಧಿವಾದ. ಪ್ರತಿಯೊಂದು ಮಾತಿಗೂ ಏನೆಂದು ಕೇಳಿ ಪೀಡಿಸದೆ, ತಿಳಿಯಬೇಕಾದುದನ್ನು ಗೆಳೆಯರು ತಿಳಿಸುವರೆಂದು ನಂಬಬೇಕು. ಜನರ ಸಹವಾಸ ಕಷ್ಟವೆಂದು ಮನೆಯ ಮೂಲೆ ಹಿಡಿಯಬಾರದು. ಸಂಶಯ ಮತ್ತು ಸಿಡುಕು ಮನಸ್ಸನ್ನು ಹೊಗದಂತೆ ಕಾಯಬೇಕು. ನಳಿಕೆಯಿಂದ ಉಪಯೋಗವಾಗುವುದಾದರೆ ಒಂದು ದಿನವನ್ನೂ ಕಳೆಯದೆ ಬಳಸಬೇಕು. ತಾನು ಹಿಂದೆ ಮಾಡಿದ ತಡದಿಂದ ಕಳೆದುಕೊಂಡುದನ್ನು ನೆನೆದೇ ಆಕೆ ಈ ಕೊನೆಯ ಮಾತನ್ನು ಅಷ್ಟು ಒತ್ತಿ ಹೇಳಿದಳು. ಈ ಪತ್ರವನ್ನು ಓದಿ ಧೈರ್ಯ ತಂದುಕೊಂಡವರು ಅನೇಕರು.

ಅದೇ ವರ್ಷದ ಆಗಸ್ಟಿನಲ್ಲಿ ಹ್ಯಾರಿಯೆಟ್ ಅಮೆರಿಕಕ್ಕೆ ಹಡಗು ಹತ್ತಿದಳು. ಕಿವುಡಿಯೊಬ್ಬಳು ಪರದೇಶಕ್ಕೆ ಹೋಗಿ ಅಲ್ಲಿನ ಸಮಾಜವನ್ನು ಹೇಗೆ ಅರಿಯಬಲ್ಲಳು ಎಂದು ಅನೇಕರು ಸಂಶಯಪಟ್ಟರು. ಆಕೆ ಸಂಗಡ ಒಬ್ಬ ಗೆಳತಿಯನ್ನು ಕರೆದೊಯ್ದಳು. ಕಿವಿಗೆ ತಪ್ಪಿದ ಮಾತುಗಳನ್ನು ಆಯ್ದುಕೊಡುವುದು ಆ ಗೆಳತಿಯ ಕೆಲಸಗಳಲ್ಲೊಂದು. ಎರಡು ವರ್ಷಗಳ ಕಾಲ ಆಕೆ ಉತ್ತರದ ಪಟ್ಟಣಗಳನ್ನೂ ದಕ್ಷಿಣದ ತೋಟಗಳನ್ನೂ ಸುತ್ತಿದಳು. ಸೆರೆಮನೆ, ಆಸ್ಪತ್ರೆ, ಶಾಲೆ, ಕಾರ್ಖಾನೆಗಳನ್ನು ಕಂಡಳು. ಗುಲಾಮರನ್ನು ಮಾರುವ ಸಂತೆಯನ್ನೂ ಕಣ್ಣಾರೆ ನೋಡಿದಳು. ಎಂಬತ್ತು ದಾಟಿದ್ದ ಮಾಜಿ ಅಧ್ಯಕ್ಷ ಮ್ಯಾಡಿಸನ್ನನ ಮನೆಯಲ್ಲಿ ಅತಿಥಿಯಾಗಿದ್ದು ಆತನೊಡನೆ ಗಂಟೆಗಟ್ಟಲೆ ಸಂವಾದ ನಡೆಸಿದಳು.

ಈ ಪ್ರವಾಸದಲ್ಲಿ ಆಕೆಗೆ ಒಂದು ಹೊಸ ಸತ್ಯ ಗೋಚರಿಸಿತು. ನಳಿಕೆಯೊಳಗೆ ಮಾತನಾಡುವವನು ಹತ್ತಿರ ಬಂದು ಕುಳಿತುಕೊಳ್ಳಲೇಬೇಕು. ಹತ್ತಿರ ಕುಳಿತವನು ಸಭೆಯಲ್ಲಿ ಆಡುವ ಹುಸಿಮಾತನ್ನು ಬಿಟ್ಟು ಎದೆಯ ಮಾತನ್ನು ಆಡುತ್ತಾನೆ. ಹತ್ತು ಜನರ ಹರಟೆ ಆಕೆಗೆ ತಪ್ಪಿದರೂ, ಒಬ್ಬೊಬ್ಬರ ಅಂತರಂಗ ದೊರೆಯಿತು. ಕಿವಿ ಚೆನ್ನಾಗಿರುವ ಪ್ರವಾಸಿಗೆ ಸಿಗದ ಆಪ್ತವಾದ ಸಂಭಾಷಣೆಗಳು ಈ ನಳಿಕೆಯ ದೆಸೆಯಿಂದ ತನಗೆ ಸಿಕ್ಕಿದವೆಂದು ಆಕೆ 1837ರಲ್ಲಿ ಪ್ರಕಟಿಸಿದ ಅಮೆರಿಕದ ಸಮಾಜವನ್ನು ಕುರಿತ ಗ್ರಂಥದ ಆರಂಭದಲ್ಲಿ ಬರೆದಳು. ಹಿಂದೆ ನಾಚಿಕೆಯ ಗುರುತಾಗಿದ್ದ ವಸ್ತುವು ಈಗ ಮೆಚ್ಚಿನ ಸಂಗಾತಿಯಾಗಿತ್ತು. ಕಿವಿ ಬದಲಾಗಿರಲಿಲ್ಲ, ಅದನ್ನು ನೋಡುವ ಮನಸ್ಸು ಬದಲಾಗಿತ್ತು.

ಧೈರ್ಯವೆಂಬುದು ಒಂದು ಕಡೆ ಬೇರೂರಿದರೆ ಇನ್ನೊಂದು ಕಡೆಗೂ ಹಬ್ಬುತ್ತದೆ. 1835ರ ನವೆಂಬರಿನಲ್ಲಿ ಬಾಸ್ಟನ್ ನಗರದ ಮಹಿಳೆಯರು ಗುಲಾಮಗಿರಿಯ ವಿರುದ್ಧ ನಡೆಸಿದ ಸಭೆಗೆ ಹ್ಯಾರಿಯೆಟ್ ಹೋಗಿದ್ದಳು. ಅಂಥ ಸಭೆಗಳ ಮೇಲೆ ಜನರ ಗುಂಪು ಕಲ್ಲು ಬೀರುತ್ತಿದ್ದ ದಿನಗಳವು. ಸಭೆಯ ನಡುವೆ ಪೆನ್ಸಿಲಿನಿಂದ ಬರೆದ ಚೀಟಿಯೊಂದು ಆಕೆಯ ಕೈಸೇರಿತು. ಎರಡು ಮಾತನಾಡಬೇಕೆಂಬ ವಿನಂತಿ ಅದರಲ್ಲಿತ್ತು. ಮಾತನಾಡಿದರೆ ದೇಶದ ಅರ್ಧ ಭಾಗದ ಬಾಗಿಲುಗಳು ತನಗೆ ಮುಚ್ಚುವುವೆಂದು ಆಕೆ ಬಲ್ಲಳು. ಆದರೂ ಎದ್ದು ನಿಂತು, ಗುಲಾಮಗಿರಿಯು ದೇವರ ನಿಯಮಕ್ಕೆ ವಿರುದ್ಧವಾದುದೆಂಬ ತನ್ನ ನಂಬಿಕೆಯನ್ನು ತಿಳಿಸಿದಳು. ಪತ್ರಿಕೆಗಳು ಆಕೆಯನ್ನು ಹೀನಾಯವಾಗಿ ಬೈದವು, ಆಮಂತ್ರಣಗಳು ನಿಂತುಹೋದವು, ಜೀವಬೆದರಿಕೆಯೂ ಬಂದು ಪ್ರವಾಸದ ದಾರಿಯನ್ನು ಬದಲಿಸಬೇಕಾಯಿತು. ಆಕೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತನ್ನ ಊನವನ್ನು ಎಲ್ಲರೆದುರು ಒಪ್ಪಿಕೊಂಡವಳಿಗೆ ತನ್ನ ನಂಬಿಕೆಯನ್ನು ಎಲ್ಲರೆದುರು ಹೇಳುವುದು ಕಷ್ಟವಾಗಲಿಲ್ಲ.

ಸ್ವದೇಶಕ್ಕೆ ಮರಳಿದ ಮೇಲೆ ಆಕೆ ಪ್ರವಾಸಕಥನ, ಕಾದಂಬರಿ, ಮಕ್ಕಳ ಕಥೆಗಳನ್ನು ಬರೆದಳು. 1839ರಲ್ಲಿ ಯೂರೋಪಿನ ಪ್ರವಾಸದಲ್ಲಿದ್ದಾಗ ತೀವ್ರ ಕಾಯಿಲೆ ಆಕೆಯನ್ನು ಹಿಡಿಯಿತು. ಟೈನ್‌ಮತ್ ಎಂಬ ಕಡಲತೀರದ ಊರಿನಲ್ಲಿ ಸುಮಾರು ಐದು ವರ್ಷ ಒಂದು ಕೋಣೆಯಲ್ಲಿ ಮಲಗಿ ಕಳೆಯಬೇಕಾಯಿತು. ಅಲ್ಲಿಯೂ ಆಕೆ ಸೋಲಲಿಲ್ಲ. ಕಿಟಕಿಯ ಬಳಿ ಒಂದು ದೂರದರ್ಶಕವನ್ನು ಇಟ್ಟುಕೊಂಡು ಸಮುದ್ರವನ್ನೂ, ಹಡಗುಗಳನ್ನೂ, ದೂರದ ಹೊಲಗಳಲ್ಲಿ ಕೆಲಸ ಮಾಡುವವರನ್ನೂ ನೋಡುತ್ತಿದ್ದಳು. ಕಿವಿಗೆ ನಳಿಕೆ, ಕಣ್ಣಿಗೆ ದೂರದರ್ಶಕ; ಇವೆರಡರ ಮೂಲಕ ಲೋಕವು ಆಕೆಯ ಮಂಚದ ಬಳಿಗೇ ಬಂದಿತು. ಹೈಟಿ ದ್ವೀಪದ ಗುಲಾಮರ ನಾಯಕ ತೂಸಾನ್ ಲೂವರ್ತ್ಯೂರನ ಜೀವನವನ್ನು ಕುರಿತ ಕಾದಂಬರಿಯನ್ನು ಆಕೆ ಬರೆದುದು ಈ ಕಾಲದಲ್ಲಿಯೇ. ಸರಕಾರವು ಕೊಡಲು ಬಂದ ಪಿಂಚಣಿಯನ್ನು, ಬರೆಯುವವಳ ಸ್ವಾತಂತ್ರ್ಯಕ್ಕೆ ಅದು ತೊಡಕೆಂದು ಆಕೆ ನಿರಾಕರಿಸಿದಳು.

1844ರಲ್ಲಿ ಚೇತರಿಸಿಕೊಂಡ ಹ್ಯಾರಿಯೆಟ್, ಬೆಟ್ಟ ಸರೋವರಗಳ ನಡುವಣ ಆಂಬಲ್‌ಸೈಡ್ ಎಂಬಲ್ಲಿ ತನ್ನದೇ ಮನೆಯೊಂದನ್ನು ಕಟ್ಟಿಸಿದಳು. ಅಲ್ಲಿ ಚಿಕ್ಕ ಹೊಲವನ್ನು ಮಾಡಿಸಿ ಹಸುಗಳನ್ನು ಸಾಕಿದಳು. ಚಳಿಗಾಲದ ಸಂಜೆಗಳಲ್ಲಿ ಊರಿನ ಕೂಲಿಕಾರರಿಗೆ ಇತಿಹಾಸ, ಆರೋಗ್ಯ ಮುಂತಾದ ವಿಷಯಗಳ ಮೇಲೆ ಉಪನ್ಯಾಸ ಮಾಡಿದಳು. ಈಜಿಪ್ಟ್ ಮತ್ತು ಪ್ಯಾಲೆಸ್ತೀನ್ ದೇಶಗಳಿಗೆ ಪ್ರವಾಸ ಹೋಗಿ ಬಂದಳು. 1852ರಿಂದ 1866ರವರೆಗೆ ಲಂಡನ್ನಿನ ಒಂದು ದಿನಪತ್ರಿಕೆಗೆ ಆಕೆ ಬರೆದ ಲೇಖನಗಳ ಸಂಖ್ಯೆ 1600ಕ್ಕೂ ಹೆಚ್ಚು. ಕಿವುಡ ಮಕ್ಕಳ ಶಿಕ್ಷಣದ ಬಗೆಗೆ 1854ರಲ್ಲಿ ಕಾದಂಬರಿಕಾರ ಡಿಕನ್ಸನ ಪತ್ರಿಕೆಯಲ್ಲಿ ಬರೆದಳು. ನಮ್ಮ ದೇಶದಲ್ಲಿ 1857ರ ಸಂಗ್ರಾಮ ನಡೆದಾಗ ಭಾರತದಲ್ಲಿನ ಬ್ರಿಟಿಷ್ ಆಳ್ವಿಕೆಯ ಚರಿತ್ರೆಯನ್ನು ಕುರಿತು ಒಂದು ಪುಸ್ತಕವನ್ನೂ, ಮರುವರ್ಷ ಇಲ್ಲಿನ ಮುಂದಿನ ಆಡಳಿತ ಹೇಗಿರಬೇಕೆಂಬುದರ ಬಗೆಗೆ ಇನ್ನೊಂದು ಪುಸ್ತಕವನ್ನೂ ಪ್ರಕಟಿಸಿದಳು. ಯಜಮಾನಿಕೆಯ ದೇಶದಲ್ಲಿ ಹುಟ್ಟಿದ ಆಕೆಯ ವಿಚಾರಗಳೆಲ್ಲವನ್ನೂ ನಾವು ಇಂದು ಒಪ್ಪಲಾರೆವು. ಆದರೆ ದೂರದ ಜನರ ಸುಖದುಃಖಗಳಿಗೆ ಕಿವಿಗೊಡಬೇಕೆಂಬ ಆಕೆಯ ಹಂಬಲವನ್ನು ಮೆಚ್ಚಲೇಬೇಕು.

1855ರಲ್ಲಿ ಹೃದಯದ ಕಾಯಿಲೆಯಿಂದ ಬೇಗನೆ ಸಾಯುವೆನೆಂದು ಭಾವಿಸಿ ಆಕೆ ಕೆಲವೇ ತಿಂಗಳುಗಳಲ್ಲಿ ತನ್ನ ಆತ್ಮಕಥೆಯನ್ನು ಬರೆದು ಅಚ್ಚುಹಾಕಿಸಿ ಇಟ್ಟಳು. ತನ್ನ ಮರಣವಾರ್ತೆಯನ್ನೂ ತಾನೇ ಬರೆದಿಟ್ಟು, ಅದರಲ್ಲಿ ತನ್ನ ಶಕ್ತಿ ಸಾಮಾನ್ಯವಾದುದೆಂದು ನಿರ್ದಾಕ್ಷಿಣ್ಯವಾಗಿ ತೀರ್ಪುಕೊಟ್ಟುಕೊಂಡಳು. ಆದರೆ ಆಕೆ ಮತ್ತೆ ಇಪ್ಪತ್ತೊಂದು ವರ್ಷ ಬಾಳಿ, 1876ರ ಜೂನ್ 27ರಂದು ಆಂಬಲ್‌ಸೈಡಿನ ತನ್ನ ಮನೆಯಲ್ಲಿ ಕೊನೆಯುಸಿರೆಳೆದಳು. ಆತ್ಮಕಥೆ ಮರುವರ್ಷ ಹೊರಬಂದಿತು.

ಇಲ್ಲಿ ಒಂದು ಸೋಜಿಗದ ಕಾಕತಾಳೀಯವಿದೆ. ಹ್ಯಾರಿಯೆಟ್ ತೀರಿಕೊಂಡ ವರ್ಷದ ಮಾರ್ಚ್ ತಿಂಗಳಿನಲ್ಲಿಯೇ ಅಮೆರಿಕದಲ್ಲಿ ಅಲೆಗ್ಸಾಂಡರ್ ಗ್ರಹಾಂ ಬೆಲ್ಲನಿಗೆ ಟೆಲಿಫೋನಿನ ಹಕ್ಕುಪತ್ರ ದೊರೆಯಿತು. ಬೆಲ್ಲನು ಕಿವುಡ ಮಕ್ಕಳ ಉಪಾಧ್ಯಾಯನಾಗಿದ್ದವನು. ಆತನ ತಾಯಿಯೂ ಶ್ರವಣ ನಳಿಕೆ ಬಳಸುತ್ತಿದ್ದವಳು. ಧ್ವನಿಯನ್ನು ವಿದ್ಯುತ್ತಾಗಿ ಮಾರ್ಪಡಿಸುವ ಆ ಉಪಾಯದಿಂದಲೇ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿದ್ಯುತ್ ಶ್ರವಣಯಂತ್ರ ಹುಟ್ಟಿತು. ಮೊದಲು ಮೇಜಿನ ಮೇಲೆ ಇಡುವಷ್ಟು ದೊಡ್ಡದಾಗಿದ್ದ ಯಂತ್ರವು ಕ್ರಮೇಣ ಜೇಬಿಗೆ, 1950ರ ದಶಕದಲ್ಲಿ ಟ್ರಾನ್ಸಿಸ್ಟರು ಬಂದ ಮೇಲೆ ಕಿವಿಯ ಹಿಂಬದಿಗೆ ಇಳಿಯಿತು. ಇಂದಿನ ಯಂತ್ರಗಳು ಯಾವ ಸ್ವರ ಕೇಳದೋ ಅದನ್ನೇ ಆಯ್ದು ಹೆಚ್ಚಿಸಬಲ್ಲವು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಈ ವಿದ್ಯೆಯ ದೊಡ್ಡ ಕೇಂದ್ರ. ಬಡವರಿಗೆ ಸಾಧನಗಳನ್ನು ಒದಗಿಸುವ ಕೇಂದ್ರ ಸರಕಾರದ ಯೋಜನೆ 1981ರಲ್ಲಿ ಆರಂಭವಾಯಿತು. ಕಿವಿಯ ಪರೀಕ್ಷೆಗಾಗಿ ಈಗ ದೂರ ಹೋಗಬೇಕಾಗಿಲ್ಲ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿರುವಂಥ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಕಿವಿ, ಮೂಗು, ಗಂಟಲು ವಿಭಾಗಗಳಿವೆ.

ಯಂತ್ರ ಬದಲಾದರೂ ಅದನ್ನು ಧರಿಸುವ ಮನಸ್ಸಿನ ಕಷ್ಟ ಬದಲಾಗಿಲ್ಲ. ಕನ್ನಡಕ ಹಾಕಿಕೊಳ್ಳಲು ನಾಚದವರು ಕಿವಿಗೆ ಯಂತ್ರ ಹಾಕಿಕೊಳ್ಳಲು ಇಂದಿಗೂ ನಾಚುತ್ತಾರೆ. ಹೊಸದಾಗಿ ಧರಿಸಿದವರಿಗೆ ಮೊದಲ ದಿನಗಳಲ್ಲಿ ಪಾತ್ರೆಯ ಸದ್ದು, ಫ್ಯಾನಿನ ಸದ್ದು, ಕಾಗದ ಮಡಿಸುವ ಸದ್ದು ಎಲ್ಲವೂ ಮಾತಿನಷ್ಟೇ ಜೋರಾಗಿ ಕೇಳಿ ಬೇಸರವಾಗುತ್ತದೆ. ಬಹುಕಾಲ ಸದ್ದುಗಳನ್ನು ಮರೆತಿದ್ದ ಮಿದುಳು ಬೇಕಾದುದನ್ನು ಆಯ್ದುಕೊಳ್ಳುವ ಕಲೆಯನ್ನು ಮತ್ತೆ ಕಲಿಯಬೇಕು. ಅದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ಬೇಸತ್ತು ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟವರು ಆ ಕಲೆಯನ್ನು ಕಲಿಯಲಾರರು. ತಾಳ್ಮೆಯಿಂದ ಧರಿಸಿದವರಿಗೆ ಮೊಮ್ಮಗುವಿನ ತೊದಲು, ಹಕ್ಕಿಯ ದನಿ, ಅಡುಗೆಮನೆಯಿಂದ ಬರುವ ಕರೆ ಮರಳಿ ದೊರೆಯುತ್ತವೆ. ಯಂತ್ರದಿಂದ ಪ್ರಯೋಜನವಾಗದವರೂ ಇದ್ದಾರೆ. ಅವರಿಗೆ ಕೈಸನ್ನೆಯ ಭಾಷೆಯಿದೆ. ಅದು ಯಾವ ಭಾಷೆಗೂ ಕಡಿಮೆಯಾದುದಲ್ಲ.

ಹ್ಯಾರಿಯೆಟ್ ಮಾರ್ಟಿನೋಳ ಬಾಳು ಕಿವಿ ಮಂದವಾದವರಿಗೆ ಮಾತ್ರ ಪಾಠವಲ್ಲ. ಕಿವಿ ಚುರುಕಾದವರಿಗೂ ಪಾಠ. ಆಕೆಯ ನಳಿಕೆಗೆ ಎರಡು ತುದಿಗಳಿದ್ದವು. ಒಂದನ್ನು ಕಿವಿಗೆ ಹಿಡಿಯುವ ಧೈರ್ಯ ಆಕೆಯದು. ಇನ್ನೊಂದರ ಬಳಿಗೆ ಬಂದು ಸ್ಪಷ್ಟವಾಗಿ ಮಾತನಾಡುವ ಸೌಜನ್ಯ ಎದುರಿನವರದು. ಎರಡೂ ಕೂಡಿದಾಗಲೇ ಮಾತು ಮಾತಾಯಿತು. ತರ​ಗತಿಯಲ್ಲಿ ಪಕ್ಕದ ಗೆಳೆಯನು ಕಿವಿಗೆ ಯಂತ್ರ ಧರಿಸಿದ್ದರೆ ಕಿರುಚಬೇಕಾಗಿಲ್ಲ, ಕನಿಕರಪಡಬೇಕಾಗಿಯೂ ಇಲ್ಲ. ಮುಖವಿಟ್ಟು, ನಿಧಾನವಾಗಿ, ಬಿಡಿಸಿ ಮಾತನಾಡಿದರೆ ಸಾಕು. ಊನವನ್ನು ಬಚ್ಚಿಟ್ಟವನು ಅದಕ್ಕೆ ಆಳಾಗುತ್ತಾನೆ. ಬಯಲಿಗೆ ತಂದವನು ಅದನ್ನು ಆಳುತ್ತಾನೆ. ಕೇಳುವುದು ಕಿವಿಯಿಂದ ಆರಂಭವಾಗುತ್ತದೆ, ಮನಸ್ಸಿನಲ್ಲಿ ಪೂರ್ಣವಾಗುತ್ತದೆ ಎಂಬುದನ್ನು ಆಕೆ ಬಾಳಿ ತೋರಿಸಿದಳು.